ಪದೇ ಪದೇ ಕೆಡುತ್ತಿದ್ದ ಎಡಗಡೆಯ ಕನ್ನಡಿ

2004ನೇ ಇಸವಿ, ಬೇಸಿಗೆ ರಜೆಗೆ ಇನ್ನು ನಾಲ್ಕೇ ದಿನ ಬಾಕಿ ಇತ್ತು. ಹೆತ್ತೂರು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಮನೆ ವನಗೂರಿನ ಹತ್ತಿರ. ಅವತ್ತು ಪರೀಕ್ಷೆ ಪೇಪರುಗಳ ಕಟ್ಟನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ನಮ್ಮ ಹಳೆಯ ಕಾರಿನಲ್ಲಿ ಒಬ್ಬಳೇ ಮನೆಗೆ ಬರುತ್ತಿದ್ದೆ. ರಸ್ತೆ ಸ್ವಲ್ಪ ಅಗಲವಾಗುವ ಜಾಗದಲ್ಲಿ ಒಂದು ಹಳ್ಳ ತಪ್ಪಿಸಲು ಬಲಕ್ಕೆ ಹೋದೆ. ಮತ್ತೆ ಎಡಕ್ಕೆ ಬರಬೇಕೆಂದು ಸ್ಟೇರಿಂಗ್ ತಿರುಗಿಸುತ್ತಾ ಎಡಗಡೆಯ ಕನ್ನಡಿಯತ್ತ ಕಣ್ಣು ಹಾಯಿಸಿದರೆ ಕನ್ನಡಿಯೇ ಇಲ್ಲ! ಇತ್ತು, ಆದರೆ ತಾನಾಗಿಯೇ ಮಡಚಿಕೊಂಡು ಕಿಟಕಿಗೆ ಒರಗಿಕೊಂಡಿತ್ತು.

ಹಾರ್ನು, ಕಿರುಚಾಟ ಎರಡೂ ಒಟ್ಟಿಗೇ ಕೇಳಿಸಿದವು. ನನ್ನ ಎಡಪಕ್ಕದಲ್ಲಿ ನುಗ್ಗಿ ಬಂದಿದ್ದ ಬೈಕೊಂದು ಚರಂಡಿಗೆ ಇಳಿದು ವಾಲಿಕೊಂಡಿತ್ತು. ಓಡಿಸುತ್ತಿದ್ದವನ ಮೊಣಕೈ ತರಚಿತ್ತು, ಹಿಂದೆ ಕೂತಿದ್ದ ಹೆಂಗಸಿಗೆ ಪುಣ್ಯಕ್ಕೆ ಏನೂ ಆಗಿರಲಿಲ್ಲ. "ಏನ್ರೀ, ಒಂಚೂರು ತಿರುಗಿ ನೋಡಾಕೂ ಆಗಾಕಿಲ್ವಾ ನಿಮ್ಗೆ?" ಎಂದು ಅವನು ಕೂಗಿದ. ನನಗೆ ನಿಜವಾಗಿಯೂ ಆಗುವುದಿಲ್ಲ.

ಅದಕ್ಕೆ ಮೂರು ವರ್ಷ ಮುಂಚೆ ಸ್ಕೂಟರಿನಿಂದ ಬಿದ್ದು ನನ್ನ ಕತ್ತಿನ ಮೂಳೆ ಮುರಿದಿತ್ತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿ ಸ್ಕ್ರೂ ಬಿಗಿದರು. ಜೀವ ಉಳಿಯಿತು, ಕೈಕಾಲು ಉಳಿದವು. ಆದರೆ ಕತ್ತು ಮಾತ್ರ ಎಡಕ್ಕೂ ತಿರುಗುವುದಿಲ್ಲ, ಬಲಕ್ಕೂ ತಿರುಗುವುದಿಲ್ಲ. ಪಕ್ಕದಲ್ಲಿ ಯಾರಾದರೂ ಕರೆದರೆ ಸೊಂಟದ ಸಮೇತ ತಿರುಗಬೇಕು. ಎಂಟು ತಿಂಗಳು ಮಲಗಿದ್ದಾಗ ತಲೆ ಬಾಚುವುದರಿಂದ ಹಿಡಿದು ಮಗ್ಗುಲು ಬದಲಿಸುವವರೆಗೆ ಎಲ್ಲವನ್ನೂ ಬೇರೆಯವರೇ ಮಾಡಿದರು. ಪ್ರೀತಿಯಿಂದಲೇ ಮಾಡಿದರು. ಆದರೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಹೋಗಿ ನನಗೆ ಸಾಕುಸಾಕಾಗಿ ಹೋಗಿತ್ತು.

ಎದ್ದು ಓಡಾಡುವಂತಾದ ಮೇಲೆ ಪಕ್ಕದ ಎಸ್ಟೇಟಿನವರು ಮಾರುತ್ತಿದ್ದ ಹಳೆಯ ವಿದೇಶಿ ಕಾರನ್ನು ನಮ್ಮ ಯಜಮಾನರು ತಂದರು. ಸ್ಟೇರಿಂಗ್ ಹಗುರ, ಕನ್ನಡಿಗಳು ದೊಡ್ಡವು. ಡಾಕ್ಟರನ್ನು ಕೇಳಿದ್ದಕ್ಕೆ, "ಮೂರು ಕನ್ನಡಿಯೂ ಸರಿಯಾಗಿದ್ದರೆ ಓಡಿಸಿ, ಒಂದು ಇಲ್ಲದಿದ್ದರೂ ಬೇಡ" ಅಂದರು. ಹಾಗಾಗಿ ಆ ಕನ್ನಡಿಗಳೇ ನನ್ನ ಕತ್ತು. ಮನೆಯಿಂದ ಸ್ಕೂಲಿಗೆ ಒಬ್ಬಳೇ ಹೋಗಿ ಒಬ್ಬಳೇ ಬರುವ ಆ ಮುಕ್ಕಾಲು ಗಂಟೆ ನಾನು ಯಾರ ಹಂಗಿನಲ್ಲೂ ಇರುತ್ತಿರಲಿಲ್ಲ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಬೈಕಿನ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. "ಹೆಚ್ಚುಕಮ್ಮಿ ಆಗ್ಬುಟ್ಟಿದ್ರೆ ಏನೇ ಗತಿ? ಹಾಸನದವರೊಬ್ಬರು ಗಾಡಿ ಕೇಳ್ತಾವ್ರೆ. ಕೊಟ್ಬುಡಾಣ. ನಾನೇ ದಿನಾ ಜೀಪಲ್ಲಿ ಬಿಟ್ಟು ಬರ್ತೀನಿ" ಅಂದರು.

"ಕನ್ನಡಿ ರಿಪೇರಿ ಮಾಡಿಸ್ತೀನಿ. ಸ್ಕೂಲು ಶುರುವಾಗೋಗಂಟ ಟೈಮ್ ಕೊಡಿ" ಅಂದೆ.

"ಆಯ್ತು. ಆದ್ರೆ ರಿಪೇರಿ ಮಾಡಿದ್ಮೇಲೂ ಕೆಟ್ರೆ ಗಾಡಿ ಹೋಗೋದೇ."

ಒಪ್ಪಿದೆ. ಬೇರೆ ದಾರಿ ಇರಲಿಲ್ಲ.

ಆ ಕನ್ನಡಿಗಳ ವಿಷಯ ಇಲ್ಲಿ ಹೇಳಬೇಕು. ಅವು ಕರೆಂಟಿನಲ್ಲಿ ಮಡಚಿಕೊಳ್ಳುವ ಕನ್ನಡಿಗಳು. ಸ್ಟೇರಿಂಗ್ ಪಕ್ಕದ ಸಣ್ಣ ಸ್ವಿಚ್ಚು ಒತ್ತಿದರೆ ಎರಡೂ ಮೊಲದ ಕಿವಿಯ ಹಾಗೆ ಹಿಂದಕ್ಕೆ ಮಡಚಿಕೊಳ್ಳುತ್ತವೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಕಾರು ಬಂದ ಮೊದಲ ಮೂರು ತಿಂಗಳು ಅಂಥದ್ದೊಂದು ಸ್ವಿಚ್ಚು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದಿಲ್ಲದೆ ಆಗುತ್ತಿರಲಿಲ್ಲ. ನಮ್ಮ ದಾರಿಯಲ್ಲಿ ಒಂದು ಕಿರಿದಾದ ತಿರುವಿದೆ. ಒಂದು ಪಕ್ಕ ಗುಡ್ಡ ಕಡಿದು ನಿಂತ ಎತ್ತರದ ಮಣ್ಣಿನ ದರೆ, ಇನ್ನೊಂದು ಪಕ್ಕ ಇಳಿಜಾರು. ಮನೆಗೆ ಬರುವಾಗ ಅಲ್ಲಿ ಬಸ್ಸು ಎದುರಾದರೆ ನಾನು ಎಡಗಡೆಯ ದರೆಗೆ ಅಂಟಿಕೊಂಡು ನಿಲ್ಲಬೇಕು, ಬಸ್ಸು ನನ್ನ ಬಲಗಡೆ ಉಜ್ಜಿಕೊಂಡ ಹಾಗೆ ದಾಟಬೇಕು. ಎರಡೂ ಕನ್ನಡಿ ಮಡಚದಿದ್ದರೆ ಒಂದು ಮಣ್ಣಿಗೆ ತಾಗುತ್ತದೆ, ಇನ್ನೊಂದು ಬಸ್ಸಿಗೆ.

ಈಗ ಬಲಗಡೆಯದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಎಡಗಡೆಯದು ಮಾತ್ರ ಸ್ವಿಚ್ಚು ಒತ್ತಿದರೆ ಕಿರ್ರ್ ಕಿರ್ರ್ ಎಂದು ಸದ್ದು ಮಾಡಿ ಅರ್ಧಕ್ಕೆ ನಿಲ್ಲುತ್ತಿತ್ತು. ಗಾಡಿ ಕುಲುಕಿದರೆ ಒಳಕ್ಕೆ ಬೀಳುತ್ತಿತ್ತು.

ಸಕಲೇಶಪುರದಲ್ಲಿ ಮೂರು ಗ್ಯಾರೇಜು ಅಲೆದೆ. ಜೀಪಿನ ಕನ್ನಡಿಯಾದರೆ ಹತ್ತು ನಿಮಿಷದ ಕೆಲಸ ಅಂದರು. ಇದಕ್ಕೆ ಇಡೀ ಕನ್ನಡಿಯನ್ನೇ ಬದಲಾಯಿಸಬೇಕು, ಆ ಮಾಡೆಲ್ಲು ನಿಂತು ಹೋಗಿದೆ, ಎಲ್ಲೂ ಸಿಗುವುದಿಲ್ಲ ಅಂದರು. ಒಬ್ಬರಂತೂ, "ಹಗ್ಗ ಹಾಕಿ ಕಟ್ಬುಡಿ ಮೇಡಂ" ಎಂದು ಸಲಹೆ ಕೊಟ್ಟರು. ಮೂರನೆಯವರು ಏನೋ ಯೋಚಿಸಿ, "ಒಳಗಿರೋದು ಪ್ಲಾಸ್ಟಿಕ್ ಹಲ್ಲಿನ ಚಕ್ರ. ಅಂಥದ್ದು ನಾವು ಮುಟ್ಟಾಕಿಲ್ಲ. ಟೇಪ್ ರೆಕಾರ್ಡರ್ ಅನ್ವರ್ ಸಾಬ್ರನ್ನ ಕೇಳಿ ನೋಡಿ" ಅಂದರು.

ಅನ್ವರ್ ಸಾಬರ ಅಂಗಡಿ ಒಂದು ಗಲ್ಲಿಯೊಳಗಿತ್ತು. ಕೆ. ಹೊಸಕೋಟೆಯಿಂದ ಬಂದು ಇಪ್ಪತ್ತೈದು ವರ್ಷದಿಂದ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದವರು. ಆ ಹೊತ್ತಿಗೆ ಊರಲ್ಲೆಲ್ಲ ಸಿ.ಡಿ. ಬಂದಿತ್ತು. ರಿಪೇರಿಗೆ ಕೊಟ್ಟವರು ವಾಪಸ್ ಒಯ್ಯದ ಟೇಪ್ ರೆಕಾರ್ಡರುಗಳು ಕಪಾಟಿನ ತುಂಬ ಕೂತಿದ್ದವು. ದಪ್ಪ ಕನ್ನಡಕದ ಆ ಮನುಷ್ಯ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ವಸ್ತುವನ್ನೇ ನೋಡುತ್ತಿದ್ದರು. ಕಾರಿನ ಹತ್ತಿರ ಬಂದು ಎಡಗಡೆಯ ಕನ್ನಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಯಾರಪ್ಪಾ ನಿನ್ನ ಹಿಂಗ್ ಮಾಡಿದ್ದು?" ಎಂದು ಅದನ್ನೇ ಕೇಳಿದರು.

ನನಗೆ ಆ ಕ್ಷಣವೇ ಅವರ ಮೇಲೆ ನಂಬಿಕೆ ಬಂತು.

"ನಾನೂ ಕೂತು ನೋಡಬಹುದಾ?" ಎಂದು ಕೇಳಿದೆ.

"ಯಾರಾದ್ರೂ ನೋಡ್ತಾ ಕೂತ್ಕೊಂಡ್ರೆ ನನ್ ಕೈ ಓಡಲ್ಲ."

"ನಾನು ವಿಜ್ಞಾನದ ಟೀಚರ್ರು. ಮಾತಾಡಲ್ಲ, ಬರೀ ನೋಡ್ತೀನಿ."

ಅವರು ಒಂದು ಸ್ಟೂಲು ಸರಿಸಿದರು. ನಾನು ಅದನ್ನು ಸೊಂಟದ ಸಮೇತ ತಿರುಗಿ ಎಳೆದುಕೊಂಡದ್ದನ್ನು ಕಂಡು, "ಕತ್ತಿಗೆ ಏನಾಗೈತೆ?" ಅಂದರು. ಹೇಳಿದೆ. ಅವರು "ಅಯ್ಯೋ ಪಾಪ" ಅನ್ನಲಿಲ್ಲ. "ಎಷ್ಟು ಸ್ಕ್ರೂ?" ಎಂದು ಕೇಳಿದರು.

"ಎಂಟು."

"ಯಾವ ಸೈಜು?"

ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ನಾನೂ ಡಾಕ್ಟರನ್ನು ಕೇಳಿರಲಿಲ್ಲ. ಇಬ್ಬರೂ ನಕ್ಕೆವು.

ಮುಂದಿನ ಎರಡು ಗಂಟೆ ನಾನು ನೋಡಿದ್ದನ್ನು ಇವತ್ತಿಗೂ ಮರೆತಿಲ್ಲ. ಕನ್ನಡಿಯ ಗಾಜನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಕಾಯಲು ಬಿಟ್ಟು, ದೋಸೆ ಮಗುಚುವ ಮರದ ಕೈಯಂಥ ತೆಳು ಪಟ್ಟಿಯಿಂದ ಅಂಚನ್ನು ಎಬ್ಬಿಸಿದರು. ಪಟ್ ಎಂದು ಗಾಜು ಹೊರಗೆ ಬಂತು, ಬಿರುಕು ಕೂಡ ಬಿಡಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಹಾಕಲು ಅವರ ಹತ್ತಿರ ಒಂದು ಹಳೆಯ ಇಡ್ಲಿ ತಟ್ಟೆ ಇತ್ತು. ಒಂದೊಂದು ಗುಳಿಯ ಪಕ್ಕ ಸುಣ್ಣದ ಕಡ್ಡಿಯಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದರು. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ. ವಾಪಸ್ ಕೂರಿಸುವಾಗ ಕೊನೆಯ ಗುಳಿಯಿಂದ ಶುರು. ಮಾರನೇ ವರ್ಷದಿಂದ ನಮ್ಮ ಸ್ಕೂಲಿನ ಲ್ಯಾಬಿನಲ್ಲೂ ಒಂದು ಇಡ್ಲಿ ತಟ್ಟೆ ಬಂತು ಅನ್ನಿ.

ಒಳಗೆ ಹೆಬ್ಬೆರಳಿನಷ್ಟು ಮೋಟಾರು. ಅದರಿಂದ ಒಂದಕ್ಕೊಂದು ಹಲ್ಲು ಕಚ್ಚಿಕೊಂಡ ಪುಟ್ಟ ಚಕ್ರಗಳು. ಗ್ರೀಸು ಒಣಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಅದನ್ನೆಲ್ಲ ತೊಳೆದು, ಒಂದು ಬಿಳಿ ಚಕ್ರವನ್ನು ಚಿಮಟದಲ್ಲಿ ಹಿಡಿದು ನನ್ನ ಕಣ್ಣಿನ ಎತ್ತರಕ್ಕೆ ತಂದು ತೋರಿಸಿದರು. ನಾನು ಬಗ್ಗಿ ನೋಡಲಾರೆ ಎಂದು ಅಷ್ಟರಲ್ಲೇ ಗಮನಿಸಿದ್ದರು. ಚಕ್ರದ ನಡುವಿನ ಕೊಳವೆಯಂಥ ಭಾಗದಲ್ಲಿ ಕೂದಲೆಳೆಯಷ್ಟು ಬಿರುಕು.

"ಇಷ್ಟೇ ರೋಗ. ಮೋಟಾರು ತಿರುಗ್ತೈತೆ, ಅದರ ಸರಳೂ ತಿರುಗ್ತೈತೆ, ಆದ್ರೆ ಬಿರುಕು ಬಾಯಿ ಬಿಟ್ಟಾಗ ಈ ಚಕ್ರ ಜಾರ್ತೈತೆ."

"ಅಂಟು ಹಾಕಿದ್ರೆ?"

"ಮೂರ್ ದಿನಕ್ಕೆ ಬಿಡ್ತೈತೆ. ಇದಕ್ಕೆ ಬಳೆ ತೊಡಿಸ್ಬೇಕು."

ಕಪಾಟಿನಿಂದ ಒಂದು ಸತ್ತ ರೇಡಿಯೋ ಇಳಿಸಿ ಅದರ ಏರಿಯಲ್ ಕಡ್ಡಿಯನ್ನು ಕಿತ್ತರು. ಉದ್ದಕ್ಕೆ ಎಳೆಯುವ ಆ ಕಡ್ಡಿ ಒಂದರೊಳಗೊಂದು ಕೂರುವ ಹಿತ್ತಾಳೆ ಕೊಳವೆಗಳಿಂದ ಆಗಿರುತ್ತದೆ ಎಂದು ನನಗೆ ಅಂದೇ ತಿಳಿದದ್ದು. ಚಕ್ರವನ್ನು ಒಂದೊಂದೇ ಕೊಳವೆಗೆ ಹಿಡಿದು ನೋಡಿ, ಸರಿಹೊಂದುವ ಕಡೆ ಗರಗಸದಿಂದ ಅಕ್ಕಿಕಾಳಿನಷ್ಟು ಅಗಲದ ಉಂಗುರ ಕತ್ತರಿಸಿದರು. ಅರದಲ್ಲಿ ಉಜ್ಜಿ, ಸ್ವಲ್ಪ ಬಿಸಿ ಮಾಡಿ, ಬಿರುಕು ಬಿಟ್ಟ ಜಾಗಕ್ಕೆ ಒತ್ತಿ ಕೂರಿಸಿದರು. ಉಂಗುರ ತಣ್ಣಗಾಗುತ್ತಾ ಬಿಗಿಯಿತು, ಬಿರುಕು ಮುಚ್ಚಿಕೊಂಡಿತು. ಬಿಸಿಯಾದರೆ ಲೋಹ ಹಿಗ್ಗುತ್ತದೆ ಎಂದು ಹದಿನೈದು ವರ್ಷ ಪಾಠ ಮಾಡಿದವಳು ನಾನು. ಅದು ಇಷ್ಟು ಚೆಂದವಾಗಿ ಕೆಲಸಕ್ಕೆ ಬರುವುದನ್ನು ಕಂಡಿದ್ದು ಅವತ್ತೇ.

ಸಂಜೆ ಸ್ವಿಚ್ಚು ಒತ್ತಿದರೆ ಎರಡೂ ಕನ್ನಡಿ ಒಟ್ಟಿಗೆ ಮಡಚಿಕೊಂಡವು. ಹತ್ತು ಸಲ ಒತ್ತಿದೆ. ಅನ್ವರ್ ಸಾಬರೂ ಒಂದು ಸಲ ಒತ್ತಿ ನೋಡಿ, ಯಾರೂ ನೋಡಲಿಲ್ಲ ಅಂದುಕೊಂಡು ಇನ್ನೊಂದು ಸಲ ಒತ್ತಿದರು. ರಜೆ ಮುಗಿಯುವವರೆಗೆ ಅಂಗಡಿಗೆ, ಅಮ್ಮನ ಮನೆಗೆ ಎಲ್ಲ ಕಡೆ ಓಡಾಡಿದೆ. ಕನ್ನಡಿ ಕಲ್ಲಿನಂತೆ ನಿಂತಿತ್ತು. ಯಜಮಾನರೂ ಹಾಸನದವರಿಗೆ ಬರುವುದು ಬೇಡ ಎಂದು ಫೋನು ಮಾಡಿದರು.

ಜೂನ್ ಬಂತು, ಸ್ಕೂಲು ಶುರುವಾಯಿತು. ನಾಲ್ಕನೇ ದಿನ ಎಡಗಡೆಯ ಕನ್ನಡಿ ಮತ್ತೆ ಅಲ್ಲಾಡತೊಡಗಿತು.

ನನಗೆ ಅಳು ಬರುವುದೊಂದು ಬಾಕಿ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಗಾಡಿ ಹೋಗುತ್ತದೆ ಎಂದು ಗೊತ್ತಿತ್ತು. ಸೈಕಲ್ ಟ್ಯೂಬಿನ ತುಂಡಿನಲ್ಲಿ ಬಿಗಿದು ಕಟ್ಟಿಕೊಂಡು, ಶನಿವಾರ ಸ್ಕೂಲು ಬಿಟ್ಟ ಕೂಡಲೇ ಮಳೆಯಲ್ಲಿ ಸಕಲೇಶಪುರಕ್ಕೆ ಹೋದೆ. ಅನ್ವರ್ ಸಾಬರ ಮುಖ ಕಪ್ಪಿಟ್ಟಿತು. ತಮ್ಮ ಕೆಲಸ ಕೆಟ್ಟಿತೆಂದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಬಿಚ್ಚಿದರೆ ಉಂಗುರ ತೊಡಿಸಿದ ಚಕ್ರ ಹೊಸದರಂತೆ ಇತ್ತು. ಆದರೆ ಅದರ ಕೆಳಗೆ, ದಪ್ಪ ಸ್ಪ್ರಿಂಗಿನ ಮೇಲೆ ಕೂರುವ ಉಬ್ಬುತಗ್ಗಿನ ಬಿಲ್ಲೆ ತನ್ನ ಜಾಗದಿಂದ ಹಾರಿ ಅಡ್ಡ ಕೂತಿತ್ತು.

"ಇದು ಮೋಟಾರು ಮಾಡಿರೋದಲ್ಲ. ಯಾರೋ ಕೈಯಲ್ಲಿ ತಳ್ಳವ್ರೆ" ಅಂದರು.

"ಯಾರೂ ತಳ್ಳಿಲ್ಲ. ಕಾರು ನಾನೊಬ್ಬಳೇ ಓಡಿಸೋದು. ಮನೇಲಿ ಶೆಡ್ಡಿನೊಳಗೆ, ಸ್ಕೂಲಲ್ಲಿ ಸ್ಟಾಫ್ ರೂಮಿನ ಕಿಟಕಿ ಎದುರಿಗೇ ನಿಲ್ಲಿಸ್ತೀನಿ."

"ಮಕ್ಕಳು?"

"ನನ್ನ ಕಾರು ಮುಟ್ಟೋ ಧೈರ್ಯ ಯಾವ ಮಕ್ಕಳಿಗೂ ಇಲ್ಲ."

ಅವರು ಬಿಲ್ಲೆಯನ್ನು ಸರಿಯಾಗಿ ಕೂರಿಸಿ ಕಳಿಸಿದರು. ಮುಂದಿನ ಗುರುವಾರ ಮತ್ತೆ ಅದೇ ಕಥೆ. ಈ ಸಲ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಅನ್ವರ್ ಸಾಬರು, "ರಜೆಯಲ್ಲಿ ಕೆಡಲಿಲ್ಲ. ಸ್ಕೂಲು ಶುರುವಾದ್ಮೇಲೆ ಕೆಡ್ತೈತೆ. ಬಲಗಡೇದು ಕೆಡಲ್ಲ, ಎಡಗಡೇದು ಮಾತ್ರ ಕೆಡ್ತೈತೆ. ಇದು ನನ್ ಅಂಗಡೀಲಿ ಗೊತ್ತಾಗೋ ಸಮಾಚಾರ ಅಲ್ಲ ಮೇಡಂ. ನಾನೇ ಬರ್ತೀನಿ" ಅಂದರು.

ಶನಿವಾರ ಹತ್ತೂವರೆಗೆ ಹೆಗಲಿಗೆ ಒಂದು ಚೀಲ, ಕೈಯಲ್ಲೊಂದು ಕೊಡೆ ಹಿಡಿದುಕೊಂಡು ಅನ್ವರ್ ಸಾಬರು ನಮ್ಮ ಸ್ಕೂಲಿನ ಗೇಟಿನಲ್ಲಿ ಇಳಿದರು. ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಾಗಲೂ ಅವರ ಕಣ್ಣು ಕಾರಿನ ಮೇಲೆಯೇ. ಕನ್ನಡಿಯನ್ನು ಅಲ್ಲೇ ಸರಿ ಮಾಡಿದರು. ಸ್ಕೂಲು ಬಿಟ್ಟ ಮೇಲೆ ನನ್ನ ಎಡಪಕ್ಕದ ಸೀಟಿನಲ್ಲಿ ಕೂತರು. "ನಾನಿದೀನಿ ಅಂತ ಮರೆತ್ಬುಡಿ. ದಿನಾ ಹೆಂಗ್ ಹೋಗ್ತೀರೋ ಹಂಗೇ ಹೋಗಿ" ಅಂದರು. ಮಳೆ ಬಿಟ್ಟಿತ್ತು. ಕಿಟಕಿ ಗಾಜು ಇಳಿಸಿ, ಕನ್ನಡಿಯನ್ನು ಕಾವಲು ಕಾಯುವವರ ಹಾಗೆ ನೋಡುತ್ತಾ ಕೂತರು.

ಕಿರಿದಾದ ತಿರುವು ಹತ್ತಿರ ಬಂತು. ಎದುರಿನಿಂದ ನಮ್ಮ ಮಾಮೂಲಿ ಬಸ್ಸು. ದಿನಕ್ಕೆ ಮೂರು ಸಲ ಆ ದಾರಿಯಲ್ಲಿ ಓಡಾಡುವ ಅದೇ ಡ್ರೈವರು, ಅದೇ ಕಂಡಕ್ಟರು. ನಾನು ಎಂದಿನಂತೆ ದರೆಯ ಹತ್ತಿರ ಬಂದು ನಿಂತೆ. ಕಂಡಕ್ಟರ್ ಎಂದಿನಂತೆ ಇಳಿದು ಓಡಿ ಬಂದ. ನನ್ನ ಕಣ್ಣೆಲ್ಲ ಬಲಗಡೆ, ಬಸ್ಸಿನ ಮೇಲೆ. ಗೇಣು ಜಾಗದಲ್ಲಿ ಅದು ದಾಟುವಾಗ ಬೇರೆ ಕಡೆ ನೋಡುವ ಧೈರ್ಯ ಯಾರಿಗಿದೆ? ಸ್ವಿಚ್ಚಿಗೆ ಕೈ ಹಾಕಿದೆ. ಬಲಗಡೆಯ ಕನ್ನಡಿ ಮಡಚಿಕೊಂಡಿತು. ಎಡಗಡೆ ಟಕ್ ಅಂತ ಸದ್ದಾಯಿತು. ಆ ಸದ್ದು ನನಗೆ ದಿನವೂ ಕೇಳಿಸುತ್ತಿತ್ತು. ದರೆಯ ಗಿಡದ ಕಡ್ಡಿ ತಾಗುವ ಸದ್ದು ಎಂದುಕೊಂಡಿದ್ದೆ.

"ಏಯ್! ಕೈ ತೆಗಿ! ಕೈ ತೆಗಿಯೋ ಮಾರಾಯ!"

ಅನ್ವರ್ ಸಾಬರು ಹಾಗೆ ಕೂಗಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಸೊಂಟದ ಸಮೇತ ತಿರುಗಿದೆ. ಎಡಗಡೆಯ ಕಿಟಕಿಯ ಹೊರಗೆ, ದರೆಯ ಬುಡದ ಚರಂಡಿಯಲ್ಲಿ ಮೊಣಕಾಲಿನವರೆಗೆ ನೀರಿನಲ್ಲಿ ಕಂಡಕ್ಟರ್ ನಾಗರಾಜು ನಿಂತಿದ್ದ. ಒಂದು ಕೈಯಲ್ಲಿ ಟಿಕೆಟ್ಟಿನ ಚೀಲ, ಇನ್ನೊಂದು ಕೈ ಮಡಚಿದ ಕನ್ನಡಿಯ ಮೇಲೆ. ಅನ್ವರ್ ಸಾಬರು ಕಿಟಕಿಯಿಂದ ಕೈ ಹಾಕಿ ಅವನ ಮಣಿಕಟ್ಟನ್ನೇ ಹಿಡಿದುಕೊಂಡಿದ್ದರು.

"ಯಾಕೋ ಇದನ್ನ ಮುಟ್ತೀಯಾ?"

ನಾಗರಾಜು ಕಕ್ಕಾಬಿಕ್ಕಿ. "ಮಡಚ್ತಾ ಇದೀನಿ ಸಾಬ್ರೆ. ದಿನಾ ನಾನೇ ಮಡಚೋದು."

"ದಿನಾನಾ?"

"ಹ್ಞೂಂ. ಗಾಡಿ ಬಂದಾಗಿಂದ್ಲೂ. ಮೇಡಂಗೆ ಕತ್ತು ತಿರುಗಾಕಿಲ್ವಲ್ಲ. ಒಂದಿನ ಈ ಕನ್ನಡಿ ದರೆಗೆ ಉಜ್ಜೋಯ್ತು. ನೋಡಾಕೆ ಅಂತ ಪಾಪ ಅವ್ರು ಇಡೀ ಮೈ ತಿರುಗಿಸ್ಕಂಡು ಒದ್ದಾಡ್ತಿದ್ರು. ಅವತ್ತಿಂದ ನಾನೇ ಇಳ್ದು ಮಡಚ್ತೀನಿ. ಬಸ್ಸು ದಾಟಿದ್ಮೇಲೆ ಬಿಚ್ಚಿ ಓಡ್ತೀನಿ. ಯಾಕೆ, ಏನಾಯ್ತು?"

ನಾಗರಾಜು ಇಳಿಯುತ್ತಾನೆ ಎಂದು ಎರಡು ವರ್ಷದಿಂದ ಗೊತ್ತಿತ್ತು. ಅವನು ಇಳಿಯುವುದು ಬಸ್ಸಿಗೆ ದಾರಿ ತೋರಿಸಲು ಎಂದುಕೊಂಡಿದ್ದೆ. ಬಲಗಡೆಯ ಕನ್ನಡಿ ಮಡಚಿದ್ದು ಕಣ್ಣಿಗೆ ಕಾಣುತ್ತಿತ್ತು, ಎಡಗಡೆಯದೂ ಸ್ವಿಚ್ಚಿನಿಂದಲೇ ಮಡಚಿತು ಎಂದುಕೊಳ್ಳುತ್ತಿದ್ದೆ. ಅತ್ತ ಅವನ ಕೈ, ಇತ್ತ ನನ್ನ ಸ್ವಿಚ್ಚು. ಇಬ್ಬರ ನಡುವೆ ಸಿಕ್ಕಿ ಆ ಬಡ ಚಕ್ರ ಎರಡು ವರ್ಷ ಹಲ್ಲು ಕಚ್ಚಿಕೊಂಡು ಬದುಕಿತ್ತು.

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಡ್ರೈವರು ಕೆಳಗಿಳಿದು ಬಂದು, "ನಾವು ಅಗಲದ ಜಾಗದಲ್ಲೇ ಕಾಯ್ತೀವಿ ಮೇಡಂ, ನೀವು ದರೆ ಹತ್ರ ನಿಂತ್ಮೇಲೆ ನಿಧಾನಕ್ಕೆ ಬಿಡ್ತೀವಿ. ಇವತ್ತು ಒಸಿ ಮುಂದಕ್ಕೆ ಬಂದ್ಬುಟ್ಟೆ" ಎಂದು ಇಲ್ಲದ ತಪ್ಪು ಒಪ್ಪಿಕೊಂಡರು. ಅಂದರೆ ನಾನು ದರೆಯ ಹತ್ತಿರ ನಿಂತ ಮೇಲೆಯೇ ಬಸ್ಸು ತಿರುವಿಗೆ ಬರುತ್ತಿದ್ದದ್ದು ನನ್ನ ಅದೃಷ್ಟವೂ ಅಲ್ಲ.

ನಾನು ಅವರಿಗೆ ಕೃತಜ್ಞತೆ ಹೇಳಬೇಕಿತ್ತು. ಹೇಳಲಿಲ್ಲ. ಇಡೀ ಬಸ್ಸಿನ ಎದುರು ಮತ್ತೆ ಯಾರೋ ನನ್ನ ಮಗ್ಗುಲು ಬದಲಿಸಿದ ಹಾಗಾಯಿತು. "ಮಡಚಿ ಅಂತ ನಿಮ್ಮನ್ನ ನಾನು ಕೇಳಿದ್ನಾ?" ಅಂದೆ. ಇವತ್ತಿಗೂ ಆ ಮಾತು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ನಾಗರಾಜು ಕೈ ಹಿಂದಕ್ಕೆ ತೆಗೆದುಕೊಂಡ. "ತಪ್ಪಾಯ್ತು ಮೇಡಂ. ಇನ್ಮೇಲೆ ಮುಟ್ಟಾಕಿಲ್ಲ" ಎಂದು ಚರಂಡಿ ಹತ್ತಿ ಹೋದ. ಒದ್ದೆ ಪ್ಯಾಂಟು ಕಾಲಿಗೆ ಅಂಟಿಕೊಂಡಿತ್ತು.

ಬಸ್ಸು ಹೋದ ಮೇಲೆ ನಾನು ಗಾಡಿ ಹೊರಡಿಸಿದೆ. ತಿರುವು ದಾಟಿದ ಮೇಲೆ ಅನ್ವರ್ ಸಾಬರು, "ರೋಗ ಅಂತೂ ಸಿಕ್ತು" ಅಂದರು. ದನಿಯಲ್ಲಿ ಖುಷಿ ಇರಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ಎರಡು ಸಲ ಕೆಟ್ಟಿದ್ದನ್ನು ಮುಚ್ಚಿಟ್ಟದ್ದನ್ನೂ ಸೇರಿಸಿ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಕನ್ನಡಿ ವಿಷ್ಯ ನಂಗೊತ್ತಿಲ್ಲ. ಬಸ್ಸಿನವ್ರು ನಿಂಗೋಸ್ಕರ ಕಾಯ್ತಾರೆ ಅಂತ ಗೊತ್ತಿತ್ತು. ಹೇಳಿದ್ರೆ ನೀನು ಹಿಂಗೇ ಆಡ್ತೀಯ ಅಂತ ಹೇಳ್ಲಿಲ್ಲ" ಅಂದರು. ಗಾಡಿ ಮಾರುವ ಮಾತನ್ನು ಮಾತ್ರ ಎತ್ತಲಿಲ್ಲ.

ಸೋಮವಾರ ಸಂಜೆ ಅದೇ ತಿರುವಿನಲ್ಲಿ ಬಸ್ಸು ಎದುರಾಯಿತು. ನಾಗರಾಜು ಇಳಿದ, ಆದರೆ ಬಸ್ಸಿನ ಬಾಗಿಲಲ್ಲೇ ಕೈ ಹಿಂದೆ ಕಟ್ಟಿಕೊಂಡು ನಿಂತ. ನಾನು ಸ್ವಿಚ್ಚು ಒತ್ತಿದೆ. ಎರಡೂ ಕನ್ನಡಿ ಮಡಚಿಕೊಂಡವು. ಬಸ್ಸು ದಾಟಿತು. ಟಕ್ ಅನ್ನುವ ಸದ್ದು ಬರಲಿಲ್ಲ. ಕನ್ನಡಿ ಇನ್ನು ಕೆಡುವುದಿಲ್ಲ, ಕಾರು ಉಳಿಯಿತು, ನಾನು ಗೆದ್ದಿದ್ದೆ. ಆದರೂ ಮನೆ ಮುಟ್ಟುವವರೆಗೆ ಎದೆಯಲ್ಲಿ ಏನೋ ಭಾರ.

ಆ ವಾರವಿಡೀ ನಾನು ದಾರಿಯನ್ನು ಹೊಸದಾಗಿ ನೋಡಲು ಶುರುಮಾಡಿದೆ. ಹುಡುಕಲು ಹೊರಟರೆ ಒಂದರ ಹಿಂದೆ ಒಂದು ಸಿಗತೊಡಗಿದವು. ಎಸ್ಟೇಟಿನ ಜೀಪಿನವರು ನನ್ನ ಹಿಂದೆ ಬಂದಾಗ ಮಾತ್ರ ಎರಡು ಸಲ ಉದ್ದಕ್ಕೆ ಹಾರ್ನು ಹೊಡೆದು, ನಾನು ದಾರಿ ಬಿಟ್ಟ ಮೇಲೆಯೇ ಮುಂದೆ ಹೋಗುತ್ತಿದ್ದರು. ಬೇರೆಯವರಿಗೆ ಹಾಗೆ ಮಾಡುತ್ತಿರಲಿಲ್ಲ. ಹಾಲಿನ ವ್ಯಾನಿನವನು ಹಿಂದೆ ಬಂದರೆ ಯಾವಾಗಲೂ ಅಂತರ ಬಿಟ್ಟು, ನನ್ನ ಕನ್ನಡಿಯಲ್ಲಿ ಪೂರ್ತಿ ಕಾಣುವಷ್ಟು ದೂರದಲ್ಲೇ ಇರುತ್ತಿದ್ದ. ಸ್ಕೂಲಿನ ಜವಾನ ತಿಮ್ಮಯ್ಯ ನಾನು ಗಾಡಿ ಹಿಂದಕ್ಕೆ ತೆಗೆಯುವ ಹೊತ್ತಿಗೆ ಸರಿಯಾಗಿ ಅಂಗಳ ಗುಡಿಸಲು ಬರುತ್ತಿದ್ದ. ಸಂಜೆ ನಾಲ್ಕೂವರೆಗೆ ಯಾರಾದರೂ ಅಂಗಳ ಗುಡಿಸುತ್ತಾರೆಯೇ? ಗುಡಿಸುವ ನೆಪದಲ್ಲಿ ಅವನು ಹಿಂದಿದ್ದ ಮಕ್ಕಳನ್ನು ಆಚೆಗೆ ಕಳಿಸುತ್ತಿದ್ದ. ವಿಜ್ಞಾನದ ಟೀಚರಾಗಿ ಎರಡು ವರ್ಷ ಇದರಲ್ಲಿ ಒಂದನ್ನೂ ನಾನು ಗಮನಿಸಿರಲಿಲ್ಲ. ಒಬ್ಬಳೇ ಓಡಿಸುತ್ತೇನೆ ಎಂದು ಬೀಗುತ್ತಿದ್ದೆ, ಇಡೀ ದಾರಿ ನನ್ನ ಜೊತೆಗೆ ಓಡಿಸುತ್ತಿತ್ತು.

ಮುಂದಿನ ಶನಿವಾರ ಅನ್ವರ್ ಸಾಬರ ಅಂಗಡಿಗೆ ಹೋಗಿ, "ಎಡಗಡೆ ಕನ್ನಡಿ ಮೋಟಾರು ತೆಗೆದುಬಿಡಿ" ಅಂದೆ.

ಅವರು ಕನ್ನಡಕ ತೆಗೆದು, ಮೊದಲ ಸಲ ನನ್ನ ಮುಖ ನೋಡಿದರು. "ಮತ್ತೆ ಕೆಡ್ತಾ?"

"ಇಲ್ಲ. ಚೆನ್ನಾಗೈತೆ. ಆದರೂ ತೆಗೀರಿ. ಕೈಯಲ್ಲಿ ಮಡಚೋ ಹಂಗೆ ಮಾಡಿಕೊಡಿ."

"ಮೂರು ಸಲ ಬಿಚ್ಚಿ, ಬಳೆ ತೊಡಿಸಿ, ಬಸ್ಸಲ್ಲಿ ಅಷ್ಟು ದೂರ ಬಂದು ಕಳ್ಳನ್ನ ಹಿಡಿದು, ಈಗ ತೆಗೀಬೇಕಾ?" ಎಂದು ಗೊಣಗಿದರು. ಗೊಣಗುತ್ತಲೇ ಇಡ್ಲಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಮೋಟಾರು, ಚಕ್ರಗಳನ್ನೆಲ್ಲ ಹೊರಗೆ ತೆಗೆದು, ಸ್ಪ್ರಿಂಗಿನ ಕೆಳಗೆ ಒಂದು ವಾಷರು ಹೆಚ್ಚಿಗೆ ಹಾಕಿ ಬಿಗಿ ಮಾಡಿದರು. ಈಗ ಆ ಕನ್ನಡಿ ಗಾಳಿಗೂ ಅಲ್ಲಾಡುವುದಿಲ್ಲ, ಕುಲುಕಾಟಕ್ಕೂ ಬೀಳುವುದಿಲ್ಲ. ಕೈಯಿಂದ ತಳ್ಳಿದರೆ ಮಾತ್ರ ಟಕ್ ಎಂದು ಮಡಚುತ್ತದೆ. ಹೊರಡುವಾಗ ಉಂಗುರ ತೊಡಿಸಿದ ಆ ಬಿಳಿ ಚಕ್ರವನ್ನು ಕಾಗದದಲ್ಲಿ ಸುತ್ತಿ, "ಇದು ನಿಮ್ ಹತ್ರ ಇರ್ಲಿ" ಎಂದು ಕೊಟ್ಟರು.

ಸೋಮವಾರ ಸಂಜೆ ತಿರುವಿನಲ್ಲಿ ಬಸ್ಸು ನಿಂತಿತ್ತು. ನಾಗರಾಜು ಬಾಗಿಲಲ್ಲಿ ಕೈ ಹಿಂದೆ ಕಟ್ಟಿಕೊಂಡು ಬೇರೆಲ್ಲೋ ನೋಡುತ್ತಿದ್ದ. ನಾನು ದರೆಯ ಹತ್ತಿರ ಗಾಡಿ ನಿಲ್ಲಿಸಿ, ಎಡಗಡೆಯ ಗಾಜು ಇಳಿಸಿ, ಸೊಂಟದ ಸಮೇತ ತಿರುಗಿ ಕೂಗಿದೆ.

"ನಾಗರಾಜು, ಈ ಕನ್ನಡಿ ಒಂಚೂರು ಮಡಚಿಕೊಡ್ತೀರಾ?"

ಅವನು ಹತ್ತಿರ ಬಂದ, ಆದರೆ ಕೈ ಚಾಚಲಿಲ್ಲ. "ಮುಟ್ಟಿದ್ರೆ ಕೆಡಾಕಿಲ್ವಾ ಮೇಡಂ?"

"ಇಲ್ಲ. ಈಗ ಅದು ಕೈಗೇ ಮಡಚೋದು. ನನಗೆ ಅಲ್ಲೀವರೆಗೆ ಕೈ ಎಟುಕಲ್ಲ." ಸ್ವಲ್ಪ ತಡೆದು, "ಅವತ್ತು ಹಂಗೆ ಅನ್ನಬಾರದಿತ್ತು" ಎಂದೆ.

"ಅಯ್ಯೋ ಬುಡಿ ಮೇಡಂ" ಎಂದು ಅವನು ಚರಂಡಿಗೆ ಇಳಿದ. ಟಕ್ ಅಂತ ಸದ್ದಾಯಿತು. ಬಸ್ಸು ದಾಟಿತು. ಮತ್ತೆ ಟಕ್. ಕನ್ನಡಿ ಬಿಚ್ಚಿಕೊಂಡಿತು, ಅದರಲ್ಲಿ ನಾಗರಾಜು ಬಸ್ಸಿನ ಹಿಂದೆ ಓಡುವುದು ಕಂಡಿತು.

ಕತ್ತು ಮುರಿದ ಮೇಲಿನ ಮೂರು ವರ್ಷದಲ್ಲಿ ನಾನು ಬಾಯಿಬಿಟ್ಟು ಒಬ್ಬರನ್ನು ಸಹಾಯ ಕೇಳಿದ್ದು ಅದೇ ಮೊದಲು. ಆ ಕಾರು ಈಗ ನಮ್ಮ ಹತ್ತಿರ ಇಲ್ಲ, ತಿರುವನ್ನೂ ಅಗಲ ಮಾಡಿದ್ದಾರೆ. ಆ ಬಿಳಿ ಚಕ್ರ ಮಾತ್ರ ನನ್ನ ಮೇಜಿನ ಪೆನ್ನಿನ ಡಬ್ಬಿಯಲ್ಲಿದೆ. ಯಾರನ್ನಾದರೂ ಏನಾದರೂ ಕೇಳಬೇಕಾಗಿ ಬಂದು ಮನಸ್ಸು ಹಿಂದೆಮುಂದೆ ನೋಡಿದಾಗ ಅದನ್ನು ಎತ್ತಿ ಬೆರಳಲ್ಲಿ ತಿರುಗಿಸುತ್ತೇನೆ. ಆಮೇಲೆ ಹೋಗಿ ಕೇಳುತ್ತೇನೆ.